ಬೆಂಗಳೂರಿಂದ ಸಿಂಗಪುರಕ್ಕೆ: ನಾಲ್ಕೂವರೆ ಗಂಟೆಯ ಹಾರಾಟ, ಹನ್ನೊಂದೂವರೆ ಗಂಟೆಯ ಪ್ರಯಾಣ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸಿಂಗಪುರದ ಚಾಂಗಿ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 3,180 ಕಿ.ಮೀ. ನಡುವೆ ಎಲ್ಲೂ ಇಳಿಯದ ವಿಮಾನವಾದರೆ ಟಿಕೆಟ್ ಮೇಲೆ ನಾಲ್ಕೂವರೆ ಗಂಟೆ, ಹತ್ತು ನಿಮಿಷ ಆಚೀಚೆ, ಬರೆದಿರುತ್ತದೆ. ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗುವುದಕ್ಕಿಂತ ಕಡಿಮೆ ಹೊತ್ತು ಎಂದುಕೊಂಡು ಹೊರಟರೆ ಮಾತ್ರ ಲೆಕ್ಕ ತಪ್ಪುತ್ತದೆ. ರಾತ್ರಿ 11ರ ವಿಮಾನಕ್ಕೆ ಸಂಜೆ 6ಕ್ಕೆ ಮನೆ ಬಿಡಬೇಕು. ದಾರಿಗೆ ಎರಡು ಗಂಟೆ, ನಿಲ್ದಾಣದೊಳಗೆ ಮೂರು ಗಂಟೆ, ಹಾರಾಟ ನಾಲ್ಕೂವರೆ, ಅಲ್ಲಿ ಇಳಿದು ಹೋಟೆಲ್ ಮುಟ್ಟಲು ಇನ್ನೆರಡು. ಮನೆ ಬಾಗಿಲಿಂದ ಹೋಟೆಲ್ ಬಾಗಿಲಿಗೆ ಹನ್ನೊಂದೂವರೆ ಗಂಟೆ. ಪ್ರವಾಸದ ಮೊದಲ ದಿನ ಹಾಳಾಗುವುದೂ ಉಳಿಯುವುದೂ ಟಿಕೆಟ್‌ನಲ್ಲಿ ಕಾಣದ ಈ ಏಳು ಗಂಟೆಗಳಲ್ಲಿ. ಹಾಗಾಗಿ ಯೋಜನೆಯನ್ನು ವಿಮಾನದ ಸಮಯದಿಂದ ಶುರು ಮಾಡಬೇಡಿ, ಮನೆ ಬಾಗಿಲಿಂದ ಶುರು ಮಾಡಿ.

ದೂರ ಎಂದರೆ ಯಾವ ದೂರ?

ಭೂಮಿ ಗುಂಡಗಿರುವುದರಿಂದ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಭೂಪಟದ ಮೇಲೆ ಸ್ವಲ್ಪ ಬಾಗಿದಂತೆ ಕಾಣುತ್ತದೆ. ಬೆಂಗಳೂರು-ಸಿಂಗಪುರದ ಮಟ್ಟಿಗೆ ಆ ಬಾಗು ತೀರಾ ಕಡಿಮೆ. ದೇವನಹಳ್ಳಿ ಬಿಟ್ಟ ಮೇಲೆ ಗೆರೆ ಪೂರ್ವಕ್ಕಿಂತ ತುಸು ದಕ್ಷಿಣಕ್ಕೆ ವಾಲುತ್ತದೆ. ಮಹಾಬಲಿಪುರಕ್ಕೂ ಪುದುಚೇರಿಗೂ ನಡುವೆ ಕರಾವಳಿ ದಾಟುತ್ತದೆ. ಆಮೇಲೆ ಬಂಗಾಳ ಕೊಲ್ಲಿ, ಗ್ರೇಟ್ ನಿಕೋಬಾರ್ ದ್ವೀಪದ ದಕ್ಷಿಣ ಮಗ್ಗುಲು, ಸುಮಾತ್ರಾದ ಉತ್ತರ ತುದಿ, ಮಲಾಕ್ಕಾ ಜಲಸಂಧಿ, ಮಲೇಷ್ಯಾದ ನೆಲ, ಕೊನೆಗೆ ಸಿಂಗಪುರ. ಹಗಲು ವಿಮಾನದಲ್ಲಿ ಕಿಟಕಿ ಬದಿ ಕೂತವರಿಗೆ ಬಹುಪಾಲು ಹೊತ್ತು ನೀರು, ಮೋಡಗಳಷ್ಟೇ ಕಾಣುವುದು ಇದಕ್ಕೇ. ನೆಲ ಕಂಡಿತೆಂದರೆ ದಾರಿಯ ಮೂರನೇ ಎರಡು ಪಾಲು ಮುಗಿದಿದೆ ಎಂದರ್ಥ.

ವಿಮಾನ ನಿಜವಾಗಿ ಹಾರುವ ದೂರ ಈ 3,180ಕ್ಕಿಂತ ಯಾವಾಗಲೂ ಸ್ವಲ್ಪ ಜಾಸ್ತಿ. ಗಾಳಿಗೆ ಎದುರಾಗಿ ಮೇಲೇರಬೇಕಾದ್ದರಿಂದ ಕೆಲವೊಮ್ಮೆ ಪಶ್ಚಿಮಕ್ಕೆ ಹಾರಿ ಆಮೇಲೆ ತಿರುಗಿಕೊಳ್ಳಬೇಕು. ಗುರುತು ಮಾಡಿದ ವಾಯುಮಾರ್ಗ ಹಿಡಿಯಬೇಕು. ಗುಡುಗು ಮೋಡ ಸಿಕ್ಕರೆ ಸುತ್ತು ಹಾಕಬೇಕು. ಇಳಿಯುವ ಸಾಲಿನಲ್ಲಿ ತಮ್ಮ ಸರದಿ ಬರುವ ತನಕ ಗಾಳಿಯಲ್ಲೇ ಸುತ್ತಬೇಕು.

ಯಾವುದೇ ಎರಡು ಊರಿನ ನಡುವಿನ ಹಾರಾಟದ ಸಮಯ ಅಂದಾಜು ಮಾಡಲು ಒಂದು ಸುಲಭದ ಲೆಕ್ಕವಿದೆ. ನೇರ ದೂರವನ್ನು 800ರಿಂದ ಭಾಗಿಸಿ, ಬಂದ ಗಂಟೆಗೆ ಅರ್ಧ ಗಂಟೆ ಕೂಡಿಸಿ. 3,180ನ್ನು 800ರಿಂದ ಭಾಗಿಸಿದರೆ ನಾಲ್ಕು, ಅರ್ಧ ಕೂಡಿಸಿದರೆ ನಾಲ್ಕೂವರೆ. ಬೆಂಗಳೂರು-ಬ್ಯಾಂಕಾಕ್ 2,490 ಕಿ.ಮೀ., ಅಂದರೆ ಸುಮಾರು 3 ಗಂಟೆ 35 ನಿಮಿಷ. ಆ ಅರ್ಧ ಗಂಟೆ ರನ್‌ವೇವರೆಗೆ ಉರುಳುವುದಕ್ಕೆ, ಏರುವುದಕ್ಕೆ, ಇಳಿಯುವಾಗ ವೇಗ ತಗ್ಗಿಸುವುದಕ್ಕೆ. ಟಿಕೆಟ್‌ನಲ್ಲಿರುವ ಸಮಯ ಕೂಡ ಗೇಟಿನಿಂದ ಗೇಟಿಗೆ ಲೆಕ್ಕ ಹಾಕಿದ್ದು, ಚಕ್ರ ನೆಲ ಬಿಟ್ಟಾಗಿನಿಂದ ಅಲ್ಲ. ಗಾಳಿಯಲ್ಲಿರುವುದು ನಾಲ್ಕು ಗಂಟೆ ಚಿಲ್ಲರೆ ಅಷ್ಟೆ. ಅರ್ಧ ಗಂಟೆ ತಡವಾಗಿ ಹೊರಟ ವಿಮಾನ ಹತ್ತೇ ನಿಮಿಷ ತಡವಾಗಿ ತಲುಪುವುದು ಪೈಲಟ್ ಜೋರಾಗಿ ಓಡಿಸಿದ್ದರಿಂದಲ್ಲ, ವೇಳಾಪಟ್ಟಿಯಲ್ಲೇ ಒಂದಿಷ್ಟು ಸಡಿಲ ಇಟ್ಟಿರುವುದರಿಂದ.

ದೊಡ್ಡ ವಿಮಾನ ಬೇಗ ಹೋಗುತ್ತದೆಯೇ? ಹೋಗುತ್ತದೆ, ಆದರೆ ಈ ದೂರಕ್ಕೆ ಅದು ಲೆಕ್ಕಕ್ಕೆ ಬರುವಷ್ಟಲ್ಲ. ಎ320 ಜಾತಿಯ ಸಣ್ಣ ವಿಮಾನ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಸಾಗಿದರೆ ಎ350ನಂಥ ದೊಡ್ಡದು ಸುಮಾರು 900ರಲ್ಲಿ ಸಾಗುತ್ತದೆ. ಕೊನೆಗೆ ಉಳಿಯುವುದು ಕಾಲು ಗಂಟೆ. ದೊಡ್ಡ ವಿಮಾನಕ್ಕೆ ಹೆಚ್ಚು ದುಡ್ಡು ಕೊಡುವುದಾದರೆ ಕಾಲು ಚಾಚುವ ಜಾಗಕ್ಕೆ, ಊಟಕ್ಕೆ ಕೊಡಿ, ವೇಗಕ್ಕಲ್ಲ.

ಗಾಳಿಯ ಮಾತು

ಹೋಗುವ ಹಾರಾಟಕ್ಕಿಂತ ಬರುವ ಹಾರಾಟ ಐದರಿಂದ ಇಪ್ಪತ್ತು ನಿಮಿಷ ಹೆಚ್ಚು ಕಡಿಮೆ ಇರಬಹುದು. ದೆಹಲಿಯಿಂದ ಟೋಕಿಯೊಗೆ ಹೋಗಿಬರುವವರು ಕಾಣುವಂಥ ಗಂಟೆಗಟ್ಟಲೆ ವ್ಯತ್ಯಾಸ ಇಲ್ಲಿಲ್ಲ. ಆ ದಾರಿಯಲ್ಲಿ ಚಳಿಗಾಲದ ಪಶ್ಚಿಮದ ಜೆಟ್ ಗಾಳಿ, ಅಂದರೆ ಬಹಳ ಎತ್ತರದಲ್ಲಿ ಹೊಳೆಯಂತೆ ಓಡುವ ಜೋರು ಗಾಳಿ, ಹೋಗುವಾಗ ನೂಕುತ್ತದೆ, ಬರುವಾಗ ತಡೆಯುತ್ತದೆ. ಆ ಗಾಳಿ ಬೀಸುವುದು ಉತ್ತರ ಭಾರತದ ಮೇಲೆ. ನಮ್ಮ ದಾರಿ ಅದಕ್ಕಿಂತ ತುಂಬಾ ದಕ್ಷಿಣಕ್ಕಿದೆ.

ನಮ್ಮ ದಾರಿಗೆ ಬೇರೊಂದು ಗಾಳಿ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮುಂಗಾರಿನ ತಿಂಗಳುಗಳಲ್ಲಿ, ದಕ್ಷಿಣ ಭಾರತ ಮತ್ತು ಬಂಗಾಳ ಕೊಲ್ಲಿಯ ಮೇಲೆ ಬಹಳ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಜೋರು ಗಾಳಿ ಓಡುತ್ತದೆ. ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1950ರ ದಶಕದಲ್ಲಿ ವಿವರಿಸಿದ ಉಷ್ಣವಲಯದ ಪೂರ್ವ ಜೆಟ್ ಇದು. ಕೆಳಗೆ ನೈಋತ್ಯದಿಂದ ಮಳೆಗಾಳಿ ಬೀಸುತ್ತಿದ್ದರೂ ಮೇಲೆ ಅದಕ್ಕೆ ತದ್ವಿರುದ್ಧ. ಹಾಗಾಗಿ ಮಳೆಗಾಲದಲ್ಲಿ ಸಿಂಗಪುರಕ್ಕೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ. ಕೊಲ್ಲಿಯ ಮೇಲೆ ಈ ಕಾಲದಲ್ಲಿ ಕುಲುಕಾಟವೂ ಹೆಚ್ಚು. ರೆಕ್ಕೆಯ ಹತ್ತಿರದ ಸಾಲುಗಳಲ್ಲಿ ಅದು ಕಡಿಮೆ ಅನ್ನಿಸುತ್ತದೆ, ಬಾಲದ ಕಡೆ ಜಾಸ್ತಿ. ಎಲ್ಲಿ ಕೂತರೂ ಕೂತಷ್ಟು ಹೊತ್ತೂ ಬೆಲ್ಟ್ ಸಡಿಲವಾಗಿಯಾದರೂ ಹಾಕಿಕೊಂಡೇ ಇರಿ.

ಇಳಿಯುವ ಕಡೆಯೂ ಒಂದು ಹವಾಮಾನದ ಸಂಗತಿ ಗೊತ್ತಿರಲಿ. ಏಪ್ರಿಲ್‌ನಿಂದ ನವೆಂಬರ್ ನಡುವೆ ಸುಮಾತ್ರಾ ಕಡೆಯಿಂದ ಗುಡುಗು ಮಳೆಯ ಸಾಲೊಂದು ಬೆಳಗಿನ ಜಾವ ಸಿಂಗಪುರದ ಮೇಲೆ ಹಾದು ಹೋಗುವುದುಂಟು. ಸರಿಯಾಗಿ ನಮ್ಮ ರಾತ್ರಿ ವಿಮಾನಗಳು ಇಳಿಯುವ ಹೊತ್ತು ಅದು. ವಿಮಾನ ಹದಿನೈದಿಪ್ಪತ್ತು ನಿಮಿಷ ಸುತ್ತಬಹುದು. ಇಳಿದ ಮೇಲೂ, ಮಿಂಚಿನ ಎಚ್ಚರಿಕೆ ಇದ್ದಷ್ಟು ಹೊತ್ತು ಬಯಲಿನಲ್ಲಿ ಕೆಲಸ ಮಾಡುವವರು ಹೊರಗೆ ಬರುವಂತಿಲ್ಲ. ಬ್ಯಾಗುಗಳು ಬೆಲ್ಟಿಗೆ ಬರುವುದು ಆಗಲೇ ತಡವಾಗುವುದು. ಬೆಂಗಳೂರಿನ ಕಡೆ ತೊಂದರೆ ಕೊಡುವುದು ನವೆಂಬರ್‌ನಿಂದ ಫೆಬ್ರುವರಿವರೆಗಿನ ಬೆಳಗಿನ ಮಂಜು. ಆ ತಿಂಗಳುಗಳಲ್ಲಿ ಮುಂಜಾನೆ 4ರಿಂದ 8ರೊಳಗೆ ಹೊರಡುವ ವಿಮಾನ ಹಿಡಿದು, ಅಲ್ಲಿಂದ ಮುಂದೆ ಇನ್ನೊಂದು ವಿಮಾನಕ್ಕೆ ಬಿಗಿಯಾಗಿ ಟಿಕೆಟ್ ಮಾಡಿಸಬೇಡಿ.

ಗಡಿಯಾರದ ಗೊಂದಲ

ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ರಾತ್ರಿ 11ಕ್ಕೆ ಹೊರಟು ಬೆಳಗ್ಗೆ 6.05ಕ್ಕೆ ತಲುಪುತ್ತದೆ ಎಂದಿದ್ದರೆ ಏಳು ಗಂಟೆಯ ಹಾರಾಟದಂತೆ ಕಾಣುತ್ತದೆ. ಎರಡೂವರೆ ಕಳೆಯಿರಿ, ನಿಜವಾಗಿ 4 ಗಂಟೆ 35 ನಿಮಿಷ. ಬರುವಾಗ ರಾತ್ರಿ 8ಕ್ಕೆ ಹೊರಟು 10.10ಕ್ಕೆ ಬೆಂಗಳೂರು ಎಂದಿದ್ದರೆ ಎರಡೂವರೆ ಕೂಡಿಸಿ, 4 ಗಂಟೆ 40 ನಿಮಿಷ.

ಇದರಲ್ಲಿ ಒಂದು ಸ್ವಾರಸ್ಯವಿದೆ. ಸೂರ್ಯನ ಲೆಕ್ಕದಲ್ಲಿ ಎರಡೂ ಊರಿನ ಅಂತರ ಒಂದು ಮುಕ್ಕಾಲು ಗಂಟೆ ಮಾತ್ರ. ಸಿಂಗಪುರ 1982ರ ಜನವರಿ 1ರಿಂದ ಮಲೇಷ್ಯಾದ ಜತೆ ಹೊಂದಿಕೊಳ್ಳಲು ತನ್ನ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಕೊಂಡಿತು. ಈಗ ಅಲ್ಲಿನ ಗಡಿಯಾರ ಸೂರ್ಯನಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮುಂದಿದೆ. ವರ್ಷವಿಡೀ ಬೆಳಗ್ಗೆ ಏಳರ ಸುಮಾರಿಗೆ ಬೆಳಗಾಗುತ್ತದೆ, ಸಂಜೆ ಏಳರ ಸುಮಾರಿಗೆ ಕತ್ತಲಾಗುತ್ತದೆ. ಆರಕ್ಕೆ ಇಳಿದವರಿಗೆ ಹೊರಗೆ ಇನ್ನೂ ಕತ್ತಲೆ. ನಿಮ್ಮ ಮೈಗೆ ಆಗ ಮಧ್ಯರಾತ್ರಿ ಕಳೆದು ಮೂರೂವರೆ.

ರಾತ್ರಿ ವಿಮಾನದ ನಿಜವಾದ ಕಷ್ಟ ಇದೇ. ಹಾರಾಟ ನಾಲ್ಕೂವರೆ ಗಂಟೆಯಾದರೂ ನಿದ್ದೆಗೆ ಸಿಗುವುದು ಎರಡೂವರೆ ಗಂಟೆ ಮಾತ್ರ. ಹತ್ತಿದ ಒಂದು ಗಂಟೆ ಊಟ, ದೀಪ, ಓಡಾಟದಲ್ಲಿ ಹೋಗುತ್ತದೆ. ಇಳಿಯಲು ಮುಕ್ಕಾಲು ಗಂಟೆ ಇರುವಾಗಲೇ ದೀಪ ಹಾಕಿ ಸೀಟು ನೆಟ್ಟಗೆ ಮಾಡಿಸುತ್ತಾರೆ. ಹೋಟೆಲಿನವರು ಕೋಣೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಇಲ್ಲವೇ ಮೂರಕ್ಕೆ. ಬೆಳಗ್ಗೆ 8ಕ್ಕೆ ಬಾಗಿಲಲ್ಲಿ ನಿಂತರೆ ಬ್ಯಾಗು ಇಟ್ಟುಕೊಳ್ಳುತ್ತಾರೆ, ಹಾಸಿಗೆ ಕೊಡುವುದಿಲ್ಲ. ಜತೆಗೆ ಹಿರಿಯರು, ಸಣ್ಣ ಮಕ್ಕಳು ಇದ್ದರೆ ಹಿಂದಿನ ರಾತ್ರಿಯಿಂದಲೇ ಕೋಣೆ ಕಾದಿರಿಸಿ, ಇಲ್ಲವೇ ಹಗಲು ವಿಮಾನ ಹಿಡಿಯಿರಿ. ಬೆಳಗ್ಗೆ ಹತ್ತಕ್ಕೆ ಬೆಂಗಳೂರು ಬಿಟ್ಟರೆ ಸಂಜೆ ಐದಕ್ಕೆ ಅಲ್ಲಿ ಇಳಿದು, ಸ್ನಾನ ಮಾಡಿ, ಊಟ ಮುಗಿಸಿ, ನೆಮ್ಮದಿಯಾಗಿ ಮಲಗಬಹುದು. ಒಂದು ದಿನ ಹೋಯಿತಲ್ಲ ಎಂದು ಹಗಲು ವಿಮಾನ ಬಿಡುವವರಿದ್ದಾರೆ. ರಾತ್ರಿ ವಿಮಾನದಲ್ಲೂ ಮರುದಿನದ ಅರ್ಧ ತೂಕಡಿಕೆಯಲ್ಲೇ ಕಳೆಯುವುದರಿಂದ ಆ ಉಳಿತಾಯ ಬರೀ ಕಾಗದದ ಮೇಲಿನದು.

ಇನ್ನೊಂದು ತಪ್ಪು ಪ್ರತಿ ತಿಂಗಳೂ ಯಾರಾದರೊಬ್ಬರು ಮಾಡುತ್ತಾರೆ. ಟಿಕೆಟ್‌ನಲ್ಲಿ 14ನೇ ತಾರೀಕು 00.40 ಎಂದಿದ್ದರೆ ನಿಲ್ದಾಣದಲ್ಲಿ ಇರಬೇಕಾದ್ದು 13ರ ರಾತ್ರಿ. 14ರ ರಾತ್ರಿ ಹೋದವರಿಗೆ ವಿಮಾನ ಸಿಗುವುದಿಲ್ಲ, ದುಡ್ಡೂ ಬರುವುದಿಲ್ಲ. ಹೋಟೆಲ್ ಕಾದಿರಿಸುವಾಗ ಇದರ ಉಲ್ಟಾ ತಪ್ಪು ಆಗುತ್ತದೆ: 13ರ ರಾತ್ರಿ 11ಕ್ಕೆ ಹೊರಡುವವರು ಅಲ್ಲಿ ಇಳಿಯುವುದು 14ಕ್ಕೆ.

ನಡುವೆ ಇಳಿದು ಹೋಗುವುದು

ಅಗ್ಗದ ಟಿಕೆಟ್‌ಗಳು ಹೆಚ್ಚಾಗಿ ಕೌಲಾಲಂಪುರ, ಕೊಲಂಬೊ ಅಥವಾ ಬ್ಯಾಂಕಾಕ್ ಮೇಲೆ ಹೋಗುತ್ತವೆ. ಕೌಲಾಲಂಪುರ ನಮ್ಮ ನೇರ ಗೆರೆಯ ಮೇಲೆಯೇ ಇದೆ. ಬೆಂಗಳೂರಿಂದ ಅಲ್ಲಿಗೆ ಸುಮಾರು 2,885 ಕಿ.ಮೀ., ಅಲ್ಲಿಂದ ಸಿಂಗಪುರಕ್ಕೆ ಸುಮಾರು 295. ಕೂಡಿಸಿದರೆ ಅದೇ 3,180. ದೂರ ಒಂದು ಕಿಲೋಮೀಟರೂ ಹೆಚ್ಚಿಲ್ಲ ಎನ್ನಬಹುದು, ಆದರೆ ಹೊತ್ತು ಮೂರರಿಂದ ಆರು ಗಂಟೆ ಹೆಚ್ಚು. ಇಳಿದು, ಕಾದು, ಮತ್ತೆ ಹತ್ತಿ, ಮತ್ತೆ ಮೇಲೇರುವುದಕ್ಕೆ ಹಿಡಿಯುವ ಸಮಯ ಅದು. ಕೊಲಂಬೊ ದಾರಿ ಸುಮಾರು 3,460 ಕಿ.ಮೀ., ಬ್ಯಾಂಕಾಕ್ ದಾರಿ 3,900ರ ಹತ್ತಿರ.

ಟಿಕೆಟ್ ಕೊಳ್ಳುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿ ಇವೆಯೇ? ಇದ್ದರೆ ಮೊದಲ ವಿಮಾನ ತಡವಾದಾಗ ಮುಂದಿನದರ ಹೊಣೆ ವಿಮಾನ ಸಂಸ್ಥೆಯದು. ಬ್ಯಾಗೂ ಸಾಮಾನ್ಯವಾಗಿ ಕೊನೆಯ ಊರಿಗೇ ಹೋಗುತ್ತದೆ. ಬೇರೆ ಬೇರೆ ಟಿಕೆಟ್ ಆದರೆ ನಡುವಿನ ದೇಶದಲ್ಲಿ ಇಮಿಗ್ರೇಷನ್ ದಾಟಿ, ಬ್ಯಾಗು ತೆಗೆದುಕೊಂಡು, ಮತ್ತೆ ಚೆಕ್-ಇನ್ ಮಾಡಬೇಕು. ಆ ದೇಶದ ಪ್ರವೇಶದ ನಿಯಮಗಳೂ ನಿಮಗೆ ಅನ್ವಯಿಸುತ್ತವೆ. ಮಲೇಷ್ಯಾಕ್ಕಾದರೆ ಎಂಡಿಎಸಿ ಎಂಬ ಡಿಜಿಟಲ್ ಆಗಮನ ಕಾರ್ಡನ್ನು ಮೊದಲೇ ತುಂಬಿರಬೇಕು. ಕೌಲಾಲಂಪುರದ ಎರಡು ಟರ್ಮಿನಲ್‌ಗಳ ನಡುವೆ ಓಡಾಡಲು ರೈಲು ಇಲ್ಲವೇ ಬಸ್ಸು ಹಿಡಿಯಬೇಕು. ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ ಮತ್ತು ಡಾನ್ ಮುಯಾಂಗ್ ಎಂಬ ಎರಡು ನಿಲ್ದಾಣಗಳೇ ಬೇರೆ ಬೇರೆ ದಿಕ್ಕಿನಲ್ಲಿವೆ, ನಡುವೆ ಊರಿನ ಟ್ರಾಫಿಕ್ ಇದೆ. ಬೇರೆ ಟಿಕೆಟ್‌ಗೆ ಐದು ಗಂಟೆಗಿಂತ ಕಡಿಮೆ ಬಿಡುವು ಇಟ್ಟುಕೊಳ್ಳುವುದು ನಮ್ಮ ಲೆಕ್ಕದಲ್ಲಿ ಜೂಜು.

ಹೊರಡುವ ಮೊದಲಿನ ಕಾಗದಪತ್ರ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸಿಂಗಪುರಕ್ಕೆ ವೀಸಾ ಬೇಕು, ಅಲ್ಲಿ ಇಳಿದ ಮೇಲೆ ಕೊಡುವುದಿಲ್ಲ. ಮಾನ್ಯತೆ ಪಡೆದ ಏಜೆಂಟರ ಮೂಲಕ ಅರ್ಜಿ ಹಾಕಬೇಕು. ಸರ್ಕಾರದ ಶುಲ್ಕ ತಲೆಗೆ 30 ಸಿಂಗಪುರ್ ಡಾಲರ್, ಏಜೆಂಟರ ಶುಲ್ಕ ಬೇರೆ. ಪಾಸ್‌ಪೋರ್ಟ್ ಇನ್ನೂ ಆರು ತಿಂಗಳು ಚಾಲ್ತಿಯಲ್ಲಿರಬೇಕು. ಫೋಟೊ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ, ಹಿನ್ನೆಲೆ ಬಿಳಿ. ಅರ್ಜಿ ಹಿಂದಕ್ಕೆ ಬರುವುದು ಬಹುಮಟ್ಟಿಗೆ ಹಳೇ ಫೋಟೊ, ನೆರಳು ಬಿದ್ದ ಫೋಟೊಗಳಿಂದ. ವೀಸಾ ಕಾಗದ ಬಂದ ಕೂಡಲೇ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ತಾರೀಕು ಅಕ್ಷರ ಅಕ್ಷರ ಹೋಲಿಸಿ ನೋಡಿ, ಎರಡು ಪ್ರತಿ ಮುದ್ರಿಸಿಕೊಳ್ಳಿ.

ಹೆಸರಿನ ವಿಷಯ ನಮ್ಮವರಿಗೆ ವಿಶೇಷವಾಗಿ ಕಾಡುತ್ತದೆ. ಇನಿಷಿಯಲ್ ಬಳಸುವ ಕರ್ನಾಟಕದ ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಟಿಕೆಟ್ ಮಾಡುವ ಪುಟ ಮಾತ್ರ ಕೊನೆಯ ಹೆಸರು ಕೊಡದೆ ಮುಂದೆ ಬಿಡುವುದಿಲ್ಲ. ಅಲ್ಲಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ತುಂಬಿಬಿಟ್ಟರೆ ಚೆಕ್-ಇನ್ ಕೌಂಟರ್‌ನಲ್ಲಿ ಟಿಕೆಟ್ಟಿಗೂ ಪಾಸ್‌ಪೋರ್ಟಿಗೂ ತಾಳೆಯಾಗುವುದಿಲ್ಲ. ಒಂದೇ ಹೆಸರಿದ್ದವರು ಹೇಗೆ ತುಂಬಬೇಕೆಂದು ಪ್ರತಿ ವಿಮಾನ ಸಂಸ್ಥೆಯೂ ತನ್ನದೇ ನಿಯಮ ಇಟ್ಟುಕೊಂಡಿದೆ. ಕೆಲವರು ಅದೇ ಹೆಸರನ್ನು ಎರಡು ಸಲ ಬರೆಯಲು ಹೇಳುತ್ತಾರೆ. ಅದನ್ನು ಓದಿಕೊಂಡು ದುಡ್ಡು ಕಟ್ಟಿ. ವೀಸಾ ಅರ್ಜಿಯಲ್ಲಿ ಮಾತ್ರ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಬರೆಯಬೇಕು.

ವೀಸಾ ಅಲ್ಲದೆ ಎಸ್‌ಜಿ ಅರೈವಲ್ ಕಾರ್ಡ್ ಎಂಬುದೊಂದಿದೆ. ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಕೂಸಿಗೂ ಒಂದು ಬೇಕು. ವಿಮಾನದ ಸಂಖ್ಯೆ, ತಂಗುವ ವಿಳಾಸ, ಆರೋಗ್ಯದ ಘೋಷಣೆ ಕೇಳುತ್ತಾರೆ. ಇದು ಪೂರ್ತಿ ಉಚಿತ. ಸರ್ಕಾರದ ವೆಬ್‌ಸೈಟ್‌ನಂತೆಯೇ ಕಾಣುವ ಜಾಲತಾಣಗಳು ಇದಕ್ಕೆ ದುಡ್ಡು ಕೇಳುತ್ತವೆ. ಬ್ಯಾಂಕ್ ಕಾರ್ಡ್ ಸಂಖ್ಯೆ ಕೇಳಿದರೆ ತಪ್ಪು ಜಾಗಕ್ಕೆ ಬಂದಿದ್ದೀರಿ ಎಂದು ತಿಳಿಯಿರಿ. ತಾರೀಕಿನ ಜಾಗದಲ್ಲಿ ಹೊರಡುವ ದಿನವನ್ನಲ್ಲ, ಇಳಿಯುವ ದಿನವನ್ನು ಹಾಕಿ.

ಇನ್ನೆರಡು ಕೆಲಸ ಮನೆಯಲ್ಲೇ ಮುಗಿಸಿ. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿ. ನಮ್ಮ ಕಾರ್ಡ್‌ಗಳಲ್ಲಿ ಇವು ಮೊದಲಿಗೆ ಆಫ್ ಆಗಿರುತ್ತವೆ. ವಿಮಾನದ ಊಟ ಸಸ್ಯಾಹಾರ ಬೇಕಿದ್ದರೆ ಕನಿಷ್ಠ 24 ಗಂಟೆ ಮೊದಲು ಆರಿಸಿ: ಎವಿಎಂಎಲ್ ಎಂದರೆ ನಮ್ಮ ಬಗೆಯ ಸಸ್ಯಾಹಾರ, ವಿಜೆಎಂಎಲ್ ಜೈನರದು. ಎಚ್‌ಎನ್‌ಎಂಎಲ್ ಎಂಬ ‘ಹಿಂದೂ ಮೀಲ್’ ಮಾಂಸಾಹಾರ. ಹೆಸರು ನೋಡಿ ಅದನ್ನು ಆರಿಸಿಕೊಂಡು ಹಸಿದುಕೊಂಡು ಕೂತ ಹಿರಿಯರು ಬಹಳ ಮಂದಿ.

ಬ್ಯಾಗಿನೊಳಗೆ

ತುಪ್ಪ, ಉಪ್ಪಿನಕಾಯಿ, ಗೊಜ್ಜು, ಜೇನುತುಪ್ಪ ಎಲ್ಲವೂ ತಪಾಸಣೆಯವರ ಲೆಕ್ಕದಲ್ಲಿ ದ್ರವವೇ. 100 ಮಿ.ಲೀ.ಗಿಂತ ದೊಡ್ಡ ಡಬ್ಬಿ ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿಗೆ ಹಾಕಿ. ಮುಚ್ಚಳದ ಒಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿದು, ಜಿಪ್ ಚೀಲದೊಳಗೆ ಹಾಕಿ, ಅದರ ಸುತ್ತ ಹಳೇ ಟವೆಲ್ ಸುತ್ತಿ. ಡಬ್ಬಿ ತುಂಬಾ ತುಂಬಿಸಬೇಡಿ, ಮೇಲೆ ಹೋದಂತೆ ಒತ್ತಡ ಇಳಿದು ಒಳಗಿನ ಗಾಳಿ ಉಬ್ಬಿ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಒಣ ಕೊಬ್ಬರಿ ಗಿಟುಕು ಚೆಕ್-ಇನ್ ಬ್ಯಾಗಿನಲ್ಲಿ ನಿಷಿದ್ಧ. ಎಣ್ಣೆಯಂಶ ಹೆಚ್ಚಿದ್ದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದೆಂದು 2022ರಲ್ಲಿ ತಡೆ ಹಾಕಿದರು. ಗಸಗಸೆ ಬೇಡವೇ ಬೇಡ. ನಮ್ಮ ಅಡುಗೆಮನೆಯ ಸಾಮಾನು ಅದು, ಆದರೆ ಸಿಂಗಪುರದಲ್ಲಿ ಮಾದಕವಸ್ತು ಕಾನೂನಿನ ಕಣ್ಣು ಅದರ ಮೇಲಿದೆ. ಮಸಾಲೆಪುಡಿಯಲ್ಲಿ ಬೆರೆತಿದ್ದರೂ ಬಿಟ್ಟು ಹೋಗಿ. ಚ್ಯೂಯಿಂಗ್ ಗಮ್, ಇ-ಸಿಗರೇಟ್ ಒಯ್ಯಬೇಡಿ. ಸಿಗರೇಟಿಗೆ ಸುಂಕದ ವಿನಾಯಿತಿ ಇಲ್ಲವೇ ಇಲ್ಲ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. 20,000 ಎಂಎಎಚ್ ಎಂದರೆ 74 ವ್ಯಾಟ್-ಅವರ್, 100ರ ಮಿತಿಯೊಳಗೆ ಬರುತ್ತದೆ. ಸಿಂಗಪುರ್ ಏರ್‌ಲೈನ್ಸ್ ಮತ್ತು ಸ್ಕೂಟ್ ವಿಮಾನಗಳಲ್ಲಿ 2025ರ ಏಪ್ರಿಲ್ 1ರಿಂದ ಹಾರಾಟದ ವೇಳೆ ಪವರ್ ಬ್ಯಾಂಕ್ ಬಳಸುವಂತಿಲ್ಲ. ಹಾಗಾಗಿ ಫೋನನ್ನು ಗೇಟಿನಲ್ಲೇ ತುಂಬಿಸಿಕೊಳ್ಳಿ. ಅಲ್ಲಿನ ಸಾಕೆಟ್‌ಗೆ ಚಪ್ಪಟೆ ಮೂರು ಕಡ್ಡಿಯ ಪ್ಲಗ್ ಬೇಕು, ನಮ್ಮ ಗುಂಡು ಕಡ್ಡಿ ಹಿಡಿಸದು.

ದೇವನಹಳ್ಳಿಯಲ್ಲಿ

ಮೆಜೆಸ್ಟಿಕ್‌ನಿಂದ ನಿಲ್ದಾಣಕ್ಕೆ ಸುಮಾರು 35 ಕಿ.ಮೀ. ಬೆಳಗಿನ ಜಾವ ಮುಕ್ಕಾಲು ಗಂಟೆಯ ದಾರಿ, ಸಂಜೆ ಎರಡು ಗಂಟೆ. ಸಿಕ್ಕಿಹಾಕಿಕೊಳ್ಳುವುದು ಹೆಬ್ಬಾಳದಲ್ಲಿ. ಊರಿನ ದಕ್ಷಿಣದಿಂದ ಬರುವವರು ಇನ್ನೂ ಅರ್ಧ ಗಂಟೆ ಸೇರಿಸಿಕೊಳ್ಳಿ. ಬಿಎಂಟಿಸಿಯ ವಾಯು ವಜ್ರ ಬಸ್ಸಿನಲ್ಲಿ ಬ್ಯಾಗಿಗೆ ಜಾಗವಿದೆ, ಒಬ್ಬಿಬ್ಬರಿಗೆ ಟ್ಯಾಕ್ಸಿಗಿಂತ ಎಷ್ಟೋ ಅಗ್ಗ. 2023ರ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಟರ್ಮಿನಲ್ 2ಕ್ಕೆ ಸ್ಥಳಾಂತರವಾಗಿವೆ. ಟ್ಯಾಕ್ಸಿಯವರಿಗೆ ಟರ್ಮಿನಲ್ ಸಂಖ್ಯೆಯನ್ನು ಮೊದಲೇ ಹೇಳಿ.

ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮುಂಚೆ ಮುಚ್ಚುತ್ತದೆ. ಅಲ್ಲಿ ವೀಸಾ ಮತ್ತು ಅರೈವಲ್ ಕಾರ್ಡ್ ಕೇಳುತ್ತಾರೆ. ಇಮಿಗ್ರೇಷನ್‌ನಲ್ಲಿ ವಾಪಸ್ ಟಿಕೆಟ್, ಹೋಟೆಲ್ ಕಾಗದ ಕೇಳಬಹುದು. ಫೋನಿನಲ್ಲಿ ಹುಡುಕುತ್ತಾ ನಿಲ್ಲುವ ಬದಲು ಮುದ್ರಿಸಿದ್ದು ಕೈಯಲ್ಲಿರಲಿ. ರಾತ್ರಿ 9ರಿಂದ 12ರೊಳಗೆ ಹಲವು ದೇಶಗಳ ವಿಮಾನಗಳು ಒಟ್ಟಿಗೆ ಹೊರಡುವುದರಿಂದ ಸಾಲು ಉದ್ದವಾಗುವುದು ಇಲ್ಲೇ. ವರ್ಷಕ್ಕೆ ಎರಡು ಮೂರು ಸಲ ವಿದೇಶಕ್ಕೆ ಹೋಗುವವರು ಇಮಿಗ್ರೇಷನ್ ಬೇಗ ದಾಟಿಸುವ ಕೇಂದ್ರ ಸರ್ಕಾರದ ಎಫ್‌ಟಿಐ-ಟಿಟಿಪಿ ಯೋಜನೆಗೆ ಆನ್‌ಲೈನ್‌ನಲ್ಲಿ ನೋಂದಾಯಿಸಿಕೊಳ್ಳಿ. ಬೆಂಗಳೂರಿನಲ್ಲಿ ಇದು 2025ರ ಜನವರಿಯಿಂದ ಇದೆ, ಭಾರತೀಯರಿಗೆ ಉಚಿತ. ಬೆರಳಚ್ಚು, ಮುಖದ ಗುರುತು ಒಮ್ಮೆ ಕೊಟ್ಟರೆ ಇ-ಗೇಟ್‌ನಲ್ಲಿ ದಾಟಬಹುದು.

ಚಾಂಗಿಯಲ್ಲಿ ಇಳಿದ ಮೇಲೆ

ಇಳಿಯಲು ಅರ್ಧ ಗಂಟೆ ಇರುವಾಗ ಮಲಗಿರುವ ಮಕ್ಕಳನ್ನು ಎಬ್ಬಿಸಿ. ನಿದ್ದೆಯಲ್ಲಿ ನುಂಗುವುದು ಕಡಿಮೆಯಾಗಿ ಕಿವಿಯೊಳಗಿನ ಒತ್ತಡ ಸರಿಹೋಗುವುದಿಲ್ಲ, ಅಳು ಅದಕ್ಕೇ. ಕೂಸಿಗೆ ಹಾಲು, ದೊಡ್ಡ ಮಕ್ಕಳಿಗೆ ಪೆಪ್ಪರ್‌ಮಿಂಟ್ ಸಾಕು.

ಇಮಿಗ್ರೇಷನ್‌ನಲ್ಲಿ ವಿದೇಶಿಯರಿಗೂ ಸ್ವಯಂಚಾಲಿತ ಗೇಟ್‌ಗಳಿವೆ. ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವುದಿಲ್ಲ. ಎಷ್ಟು ದಿನ ಇರಬಹುದೆಂಬುದು ಇ-ಪಾಸ್ ಆಗಿ ಇಮೇಲ್‌ಗೆ ಬರುತ್ತದೆ. ವೀಸಾದ ಅವಧಿ ಮತ್ತು ಇರಲು ಕೊಟ್ಟ ದಿನಗಳು ಒಂದೇ ಅಲ್ಲ. ಆ ಇಮೇಲ್‌ನಲ್ಲಿರುವ ತಾರೀಕೇ ಅಂತಿಮ, ಒಂದು ದಿನ ಮೀರಿದರೂ ಅಪರಾಧ.

ಊರು ಸುಮಾರು 20 ಕಿ.ಮೀ. ದೂರ. ಎಂಆರ್‌ಟಿ ಎಂಬ ಅಲ್ಲಿನ ಮೆಟ್ರೊ ರೈಲಿನ ನಿಲ್ದಾಣ ಟರ್ಮಿನಲ್ 2 ಮತ್ತು 3ರ ನಡುವೆ ನೆಲದಡಿಯಲ್ಲಿದೆ. ಅಲ್ಲಿಗೆ ಟರ್ಮಿನಲ್ 1ರಿಂದ ಸ್ಕೈಟ್ರೈನ್ ಎಂಬ ನಿಲ್ದಾಣದೊಳಗಿನ ರೈಲು, 4ರಿಂದ ಉಚಿತ ಬಸ್ಸು. ಟರ್ಮಿನಲ್ 4ರಲ್ಲಿ ಇಳಿದವರು ಹದಿನೈದಿಪ್ಪತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ. ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನೇ ಗೇಟಿಗೆ ತಾಗಿಸಿ ಒಳಗೆ ಹೋಗಬಹುದು, ಒಬ್ಬರಿಗೆ ಒಂದು ಕಾರ್ಡ್. ಊರಿಗೆ ಹೋಗಲು ಎಲ್ಲರೂ ತಾನಾ ಮೆರಾ ನಿಲ್ದಾಣದಲ್ಲಿ ರೈಲು ಬದಲಿಸಿ ಎನ್ನುತ್ತಾರೆ. ಲಿಟಲ್ ಇಂಡಿಯಾ ಕಡೆ ತಂಗುವವರು ಅದಕ್ಕಿಂತ ಮೊದಲ ನಿಲ್ದಾಣ ಎಕ್ಸ್‌ಪೋದಲ್ಲೇ ಇಳಿದು ಡೌನ್‌ಟೌನ್ ಲೈನ್ ಹಿಡಿದರೆ ಒಂದೇ ರೈಲಿನಲ್ಲಿ ಲಿಟಲ್ ಇಂಡಿಯಾ ಸೇರಬಹುದು. ಬ್ಯಾಗು ಹೊತ್ತವರಿಗೆ ಒಂದು ಬದಲಾವಣೆ ಕಡಿಮೆಯಾದರೂ ದೊಡ್ಡ ಉಪಕಾರ. ರೈಲು ಬೆಳಗ್ಗೆ ಐದೂವರೆಗೆ ಶುರು, ಭಾನುವಾರ ಆರರ ಹತ್ತಿರ. ರಾತ್ರಿ 11 ದಾಟಿ ಇಳಿಯುವವರು ರೈಲು ನಂಬಬೇಡಿ.

ಟ್ಯಾಕ್ಸಿಯಲ್ಲಿ ಮೀಟರ್ ಮೇಲೆ ನಿಲ್ದಾಣದ ಹೆಚ್ಚುವರಿ ಇರುತ್ತದೆ. ಮಧ್ಯರಾತ್ರಿಯಿಂದ ಬೆಳಗ್ಗೆ 6ರವರೆಗೆ ಹತ್ತಿದರೆ ಮೀಟರ್‌ನ ಅರ್ಧದಷ್ಟು ಬೇರೆ ಸೇರುತ್ತದೆ. ಐದು ಮುಕ್ಕಾಲಿಗೆ ಹೊರಗೆ ಬಂದವರು ಒಂದು ಲೋಟ ಕಾಫಿ ಕುಡಿದು ಆರು ದಾಟಿದ ಮೇಲೆ ಸಾಲಿಗೆ ನಿಂತರೆ ಕಾಫಿಯ ದುಡ್ಡಿಗಿಂತ ಹೆಚ್ಚು ಉಳಿಯುತ್ತದೆ. ಬೆಳಗ್ಗೆ ಇಳಿದ ಕೂಡಲೇ ಚಾಂಗಿಗೆ ಅಂಟಿಕೊಂಡ ಜ್ಯೂವೆಲ್ ಮಾಲ್‌ನ 40 ಮೀಟರ್ ಎತ್ತರದ ಒಳಾಂಗಣ ಜಲಪಾತ ನೋಡಿಬಿಡೋಣ ಎಂದುಕೊಳ್ಳಬೇಡಿ, ಆ ಹೊತ್ತಿಗೆ ನೀರು ಬಿಟ್ಟಿರುವುದಿಲ್ಲ. ಅದನ್ನು ವಾಪಸಾಗುವ ದಿನಕ್ಕೆ ಇಟ್ಟುಕೊಳ್ಳಿ.

ವಾಪಸ್ ಬರುವಾಗ

ಒಂದೇ ಅಂಗಡಿಯಲ್ಲಿ 100 ಸಿಂಗಪುರ್ ಡಾಲರ್‌ಗಿಂತ ಹೆಚ್ಚು ಕೊಂಡಿದ್ದರೆ 9% ಜಿಎಸ್‌ಟಿಯಲ್ಲಿ ಬಹುಪಾಲು ವಾಪಸ್ ಸಿಗುತ್ತದೆ. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿರಬೇಕು. ವಸ್ತು ಚೆಕ್-ಇನ್ ಬ್ಯಾಗಿಗೆ ಹೋಗುವುದಾದರೆ ಬ್ಯಾಗು ಕೊಡುವ ಮೊದಲೇ ನಿಲ್ದಾಣದಲ್ಲಿರುವ ಜಿಎಸ್‌ಟಿ ವಾಪಸಾತಿಯ ಕಿಯಾಸ್ಕ್‌ಗೆ ಹೋಗಿ, ಪರಿಶೀಲನೆಗೆ ಕರೆದರೆ ವಸ್ತುವನ್ನು ತೋರಿಸಬೇಕಾಗುತ್ತದೆ. ಬ್ಯಾಗು ಬೆಲ್ಟಿನ ಮೇಲೆ ಹೋದ ಮೇಲೆ ನೆನಪಾದರೆ ಆ ದುಡ್ಡು ಹೋದಂತೆ.

ಚಾಂಗಿಯ ಟರ್ಮಿನಲ್ 1, 2, 3ರಲ್ಲಿ ಭದ್ರತಾ ತಪಾಸಣೆ ನಡೆಯುವುದು ಇಮಿಗ್ರೇಷನ್ ಪಕ್ಕದಲ್ಲಲ್ಲ, ನಿಮ್ಮ ಗೇಟಿನ ಬಾಗಿಲಲ್ಲೇ. ಬೆಂಗಳೂರಿನ ಅಭ್ಯಾಸದವರು ಇಲ್ಲಿ ಎರಡು ಕಡೆ ಎಡವುತ್ತಾರೆ. ಒಳಗೆ ಬಂದಾಯಿತಲ್ಲ ಎಂದು ನೀರು, ಹಣ್ಣಿನ ರಸ ಕೊಂಡು ಗೇಟಿಗೆ ಹೋದರೆ ಅಲ್ಲಿ ಎಸೆಯಬೇಕು. ಅಂಗಡಿ ನೋಡುತ್ತಾ ಕೊನೆಯ ಹತ್ತು ನಿಮಿಷಕ್ಕೆ ಓಡಿಬಂದರೆ ಇಡೀ ವಿಮಾನದ ಜನ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಖಾಲಿ ಬಾಟಲಿ ಇಟ್ಟುಕೊಂಡು, ಹೊರಡುವ ಒಂದು ಗಂಟೆ ಮುಂಚೆ ಗೇಟಿನೊಳಗೆ ಹೋಗಿ ಅಲ್ಲಿನ ನಲ್ಲಿಯಲ್ಲಿ ತುಂಬಿಸಿಕೊಳ್ಳಿ.

ರಾತ್ರಿ 10.10ಕ್ಕೆ ಬೆಂಗಳೂರಲ್ಲಿ ಇಳಿದಾಗ ಮೈಯ ಗಡಿಯಾರಕ್ಕೆ 12.40. ಇಮಿಗ್ರೇಷನ್, ಬ್ಯಾಗು, ಕಸ್ಟಮ್ಸ್ ಮುಗಿಸಿ ಹೊರಬರಲು ಒಂದು ಗಂಟೆ ಇಟ್ಟುಕೊಳ್ಳಿ. ಆ ಹೊತ್ತಿಗೆ ಹೆಬ್ಬಾಳ ಖಾಲಿಯಾಗಿರುತ್ತದೆ. ಹೋಗುವಾಗ ಎರಡು ಗಂಟೆ ಹಿಡಿದ ದಾರಿ ಬರುವಾಗ ಒಂದು ಗಂಟೆಯೊಳಗೆ ಮುಗಿಯುತ್ತದೆ. ಟ್ಯಾಕ್ಸಿಗೆ ಸಾಲು ಉದ್ದವಿದ್ದರೆ ವಾಯು ವಜ್ರದ ಕಡೆ ಕಣ್ಣು ಹಾಯಿಸಿ. ಕೆಲವು ಮಾರ್ಗಗಳಲ್ಲಿ ರಾತ್ರಿಯಿಡೀ ಬಸ್ಸು ಇರುತ್ತದೆ, ನಿಮ್ಮ ಬಡಾವಣೆಯ ಮಾರ್ಗದ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಹೋಗುವ ದಿನವೇ ಬರೆದಿಟ್ಟುಕೊಂಡಿರಿ.